ಗ್ರಂಥಪ್ರಶಸ್ತಿಯ ಅರ್ಹತಾನಿಯಮಗಳು: ವಚನಾಭ್ಯಾಸಿಗಳಿಗೊಂದು ವಿವರಣೆ

ನನ್ನಲ್ಲಿ ಹಿಂದೆ ಕನ್ನಡ ಕಲಿತ ಶಿಷ್ಯರೊಬ್ಬರು ಕೆಲವು ತಿಂಗಳ ಹಿಂದೆ ಮನೆಗೆ ಬಂದಿದ್ದರು. ಅವರ ಕೈಯಲ್ಲಿ ಆಗತಾನೆ ಅಚ್ಚಿನಿಂದ ಬಂದ ಒಂದು ಗ್ರಂಥವಿತ್ತು. ಹೆಚ್ಚು ಪ್ರಸಿದ್ಧಿಗೆ ಬಾರದ ಶರಣರೊಬ್ಬರ ವಚನಗಳನ್ನು ಮೂರು ಓಲೆಗರಿಯ ಕಟ್ಟುಗಳಿಂದ ಎತ್ತಿ ಬರೆದುಕೊಂಡು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿ, ಕಠಿನ ಪದಗಳಿಗೆ ಅರ್ಥಕೋಶವನ್ನು ಸಿದ್ಧಪಡಿಸಿ, ನಲವತ್ತು ಪುಟಗಳ ಪೀಠಿಕೆಯೊಡನೆ ಅವರು ಪ್ರಕಟಿಸಿದ್ದರು. ಹನ್ನೊಂದು ವರ್ಷಗಳ ಪರಿಶ್ರಮ. ಮುದ್ರಣದ ವೆಚ್ಚವೂ ಬಹುಮಟ್ಟಿಗೆ ಅವರದೇ. ಗ್ರಂಥವನ್ನು ನನ್ನ ಮುಂದಿಟ್ಟು ನಮಸ್ಕರಿಸಿದ ಮೇಲೆ ಅವರು ಒಂದು ಲಕೋಟೆಯನ್ನೂ ತೆರೆದರು. ಅದರಲ್ಲಿ ಊರಿನ ಗಣ್ಯರು ಬರೆದುಕೊಟ್ಟ ಐದು ಪತ್ರಗಳಿದ್ದವು. ಈ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಲ್ಲಬೇಕೆಂದು ಐದರಲ್ಲಿಯೂ ಶಿಫಾರಸು ಇತ್ತು. "ಗುರುಗಳೇ, ತಾವೂ ಎರಡು ಸಾಲು ಬರೆದುಕೊಟ್ಟರೆ ಆರನ್ನೂ ಕೂಡಿಸಿ ದೆಹಲಿಗೆ ಕಳುಹಿಸುತ್ತೇನೆ" ಎಂದರು.

"ಬರೆಯುವುದಕ್ಕೆ ಮೊದಲು ಪ್ರಶಸ್ತಿಯ ನಿಯಮಗಳನ್ನು ಒಮ್ಮೆ ಓದೋಣ" ಎಂದೆ. ಆ ಸಂಜೆ ಇಬ್ಬರೂ ಕುಳಿತು ಓದಿದೆವು. ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಅವರ ಗ್ರಂಥವು ಆ ಪ್ರಶಸ್ತಿಗೆ ಸಲ್ಲುವ ಬಗೆಯ ಗ್ರಂಥವೇ ಅಲ್ಲ. ಎರಡನೆಯದು, ಸಲ್ಲುವ ಬಗೆಯದಾಗಿದ್ದರೂ ಆ ಲಕೋಟೆಯೇ ಅದಕ್ಕೆ ಅಡ್ಡಿಯಾಗುತ್ತಿತ್ತು. ಅವರು ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ ಕೇಳಿದರು: "ಹಾಗಾದರೆ ನಾನು ಹನ್ನೊಂದು ವರ್ಷ ಮಾಡಿದ್ದು ಸಾಹಿತ್ಯವಲ್ಲವೇ?"

ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಇಂಥ ಪ್ರಶ್ನೆ ಇನ್ನೂ ಅನೇಕರ ಮನಸ್ಸಿನಲ್ಲಿರಬಹುದು. ಮಠಮಾನ್ಯಗಳ ಪ್ರಕಟಣೆಗಳಲ್ಲಿ ದುಡಿಯುವವರು, ವಚನಗಳ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಸ್ವತಃ ಗ್ರಂಥ ಅಚ್ಚುಹಾಕಿಸುವ ಶಿಕ್ಷಕರು ಈ ನಿಯಮಗಳನ್ನು ತಿಳಿದಿರುವುದು ಒಳ್ಳೆಯದು. ಆದಕಾರಣ ಅವುಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇನೆ.

ಪ್ರಶಸ್ತಿಯ ಸ್ವರೂಪ

ಸಾಹಿತ್ಯ ಅಕಾಡೆಮಿಯು ೧೯೫೪ನೆಯ ಮಾರ್ಚ್ ೧೨ರಂದು ದೆಹಲಿಯಲ್ಲಿ ಉದ್ಘಾಟನೆಗೊಂಡಿತು. ಜವಾಹರಲಾಲ್ ನೆಹರೂ ಅವರು ಅದರ ಪ್ರಥಮ ಅಧ್ಯಕ್ಷರು. ಗ್ರಂಥಪ್ರಶಸ್ತಿಯು ೧೯೫೫ರಿಂದ ಆರಂಭವಾಯಿತು. ಆ ಮೊದಲ ವರ್ಷದಲ್ಲಿಯೇ ಕನ್ನಡದ ಪ್ರಶಸ್ತಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ ಸಂದಿತು. ಇಂದು ಅಕಾಡೆಮಿ ಮನ್ನಿಸಿರುವ ಭಾಷೆಗಳು ೨೪: ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ೨೨ ಭಾಷೆಗಳು, ಅವುಗಳೊಡನೆ ಇಂಗ್ಲಿಷು ಮತ್ತು ರಾಜಸ್ಥಾನಿ. ಪ್ರಶಸ್ತಿಯ ಮೊತ್ತ ಮೊದಲು ಐದು ಸಾವಿರ ರೂಪಾಯಿ ಇದ್ದುದು ೧೯೮೩ರಲ್ಲಿ ಹತ್ತು ಸಾವಿರ, ೧೯೮೮ರಲ್ಲಿ ಇಪ್ಪತ್ತೈದು ಸಾವಿರ, ೨೦೦೧ರಲ್ಲಿ ನಲವತ್ತು ಸಾವಿರ, ೨೦೦೩ರಲ್ಲಿ ಐವತ್ತು ಸಾವಿರ, ೨೦೦೯ರಲ್ಲಿ ಒಂದು ಲಕ್ಷ ಎಂದು ಏರುತ್ತ ಬಂದಿತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದೇ. ಪ್ರಶಸ್ತಿ ಸಲ್ಲುವುದು ಒಂದು ನಿರ್ದಿಷ್ಟ ಗ್ರಂಥಕ್ಕೆ. ಒಬ್ಬ ಲೇಖಕನ ಜೀವಮಾನದ ಸೇವೆಗಲ್ಲ. ಆಯಾ ಭಾಷೆಗೆ ಮತ್ತು ಸಾಹಿತ್ಯಕ್ಕೆ ಆ ಗ್ರಂಥವು ವಿಶಿಷ್ಟವಾದ ಕೊಡುಗೆಯಾಗಿರಬೇಕು. ಅದು ಸೃಜನಾತ್ಮಕವಾಗಿರಬಹುದು, ವಿಮರ್ಶಾತ್ಮಕವಾಗಿಯೂ ಇರಬಹುದು. ಯೋಗ್ಯ ಗ್ರಂಥ ದೊರೆಯದಿದ್ದರೆ ಪ್ರಶಸ್ತಿಯನ್ನು ಕೊಡದೆಯೂ ಇರಬಹುದು. ಕನ್ನಡದಲ್ಲಿ ೧೯೫೭ ಮತ್ತು ೧೯೬೩ ಈ ಎರಡು ವರ್ಷಗಳು ಹಾಗೆಯೇ ಕಳೆದವು.

ಕಾಲದ ಮಿತಿ

ಅರ್ಹತೆಯ ಮೊದಲ ಪರೀಕ್ಷೆ ಪ್ರಕಟಣೆಯ ಕಾಲ. ಪ್ರಶಸ್ತಿಯ ವರ್ಷಕ್ಕೆ ನಿಕಟಪೂರ್ವವಾದ ಒಂದು ವರ್ಷವನ್ನು ಬಿಟ್ಟು, ಅದರ ಹಿಂದಿನ ಐದು ವರ್ಷಗಳಲ್ಲಿ ಗ್ರಂಥವು ಮೊದಲ ಬಾರಿಗೆ ಪ್ರಕಟವಾಗಿರಬೇಕು. ಉದಾಹರಣೆಗೆ, ೨೦೨೨ರ ಪ್ರಶಸ್ತಿಗೆ ೨೦೧೬ನೆಯ ಜನವರಿ ೧ರಿಂದ ೨೦೨೦ನೆಯ ಡಿಸೆಂಬರ್ ೩೧ರ ವರೆಗೆ ಪ್ರಕಟವಾದ ಗ್ರಂಥಗಳು ಅರ್ಹ. ೨೦೨೧ರಲ್ಲಿ ಬಂದ ಗ್ರಂಥ ಆ ಸಲ ಪರಿಗಣನೆಗೆ ಬಾರದು. ೨೦೧೫ರ ಗ್ರಂಥದ ಕಾಲ ಆಗಲೇ ಮುಗಿದಿತ್ತು.

ಈ ಲೆಕ್ಕವನ್ನು ಗ್ರಂಥದ ಕಡೆಯಿಂದ ತಿರುಗಿಸಿ ನೋಡಿದರೆ ಒಂದು ಉಪಯುಕ್ತ ಸಂಗತಿ ಹೊಳೆಯುತ್ತದೆ. ೨೦೨೦ರಲ್ಲಿ ಪ್ರಕಟವಾದ ಗ್ರಂಥವೊಂದು ೨೦೨೨ರಿಂದ ೨೦೨೬ರ ವರೆಗಿನ ಐದು ಪ್ರಶಸ್ತಿಗಳ ಪರಿಧಿಯೊಳಗೆ ಬರುತ್ತದೆ. ೨೦೨೧ರ ಜನವರಿಯಲ್ಲಿ ಪ್ರಕಟವಾದದ್ದು ೨೦೨೩ರಿಂದ ೨೦೨೭ರ ವರೆಗಿನ ಐದರಲ್ಲಿ ಬರುತ್ತದೆ. ಎಂದರೆ ಯಾವ ತಿಂಗಳಲ್ಲಿ ಬಂದರೂ ಗ್ರಂಥಕ್ಕೆ ಐದು ಅವಕಾಶಗಳು ಇದ್ದೇ ಇರುತ್ತವೆ. ಹೀಗಿರುವಾಗ ಡಿಸೆಂಬರ್ ತಿಂಗಳು ಮುಗಿಯುವುದರೊಳಗೆ ಹೇಗಾದರೂ ಅಚ್ಚಾಗಲೆಂದು ಕರಡನ್ನು ಸರಿಯಾಗಿ ತಿದ್ದದೆ ಗ್ರಂಥ ಹೊರಡಿಸುವ ಆತುರಕ್ಕೆ ಯಾವ ಅರ್ಥವೂ ಇಲ್ಲ. ವಚನದ ಒಂದು ಅಕ್ಷರ ತಪ್ಪಾದರೆ ಅರ್ಥವೇ ಬೇರೆಯಾಗುವ ನಮ್ಮ ಕ್ಷೇತ್ರದಲ್ಲಂತೂ ಒಂದು ತಿಂಗಳು ತಡವಾದರೂ ಶುದ್ಧವಾದ ಪಾಠವೇ ಮೇಲು.

'ಮೊದಲ ಬಾರಿಗೆ' ಎಂಬ ಮಾತಿಗೂ ತೂಕವಿದೆ. ಹಳೆಯ ಗ್ರಂಥದ ಪರಿಷ್ಕೃತ ಆವೃತ್ತಿ ಅರ್ಹವಲ್ಲ. ಬೇರೆ ಬೇರೆ ಪುಸ್ತಕಗಳಲ್ಲಿ ಆಗಲೇ ಬಂದ ಬರಹಗಳನ್ನು ಒಟ್ಟುಗೂಡಿಸಿದ ಹೊಸ ಸಂಪುಟವೂ ಅರ್ಹವಲ್ಲ. ಆದರೆ ಅಂಥ ಸಂಪುಟದಲ್ಲಿ ನೂರಕ್ಕೆ ೭೫ರಷ್ಟಾದರೂ ಪುಸ್ತಕರೂಪದಲ್ಲಿ ಮೊದಲ ಸಲ ಪ್ರಕಟವಾಗುತ್ತಿದ್ದರೆ ಅದನ್ನು ಪರಿಗಣಿಸಬಹುದು. 'ಪುಸ್ತಕರೂಪದಲ್ಲಿ' ಎಂಬ ಪದವನ್ನು ಮಾಸಪತ್ರಿಕೆಗಳ ಲೇಖಕರು ವಿಶೇಷವಾಗಿ ಗಮನಿಸಬೇಕು. ಪತ್ರಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಬಿಡಿಬಿಡಿಯಾಗಿ ಬಂದ ಲೇಖನಗಳಿರುತ್ತವೆ. ಪತ್ರಿಕೆಯಲ್ಲಿ ಬಂದ ಲೇಖನ ಪುಸ್ತಕರೂಪ ಪಡೆದಿರುವುದಿಲ್ಲವಾದುದರಿಂದ ಅದಕ್ಕೆ ಅಡ್ಡಿಯಿಲ್ಲ. ತಮ್ಮದೇ ಇನ್ನೊಂದು ಪುಸ್ತಕದಲ್ಲಿ ಸೇರಿದ ಲೇಖನವನ್ನು ಮಾತ್ರ ಎಣಿಕೆಗೆ ತೆಗೆದುಕೊಳ್ಳಬೇಕು.

ಮಾಲೆಯಾಗಿ ಬರುವ ಗ್ರಂಥಗಳ ಸಂಗತಿಯೂ ಇಲ್ಲಿಯೇ ಬರುತ್ತದೆ. ಅಪೂರ್ಣ ಗ್ರಂಥದ ಪ್ರಕಟಿತ ಭಾಗವು ತನ್ನಷ್ಟಕ್ಕೆ ತಾನು ಪೂರ್ಣವಾಗಿದ್ದರೆ ಮಾತ್ರ ಪರಿಗಣನೆಗೆ ಬರುತ್ತದೆ. ಮಾಲೆಯ ಒಂದು ಭಾಗಕ್ಕೆ ಪ್ರಶಸ್ತಿ ಸಂದ ನಿದರ್ಶನಗಳು ಕನ್ನಡದಲ್ಲಿ ಉಂಟು. ಕಲ್ಯಾಣದ ಶರಣಕ್ರಾಂತಿಯನ್ನು ವಸ್ತುವಾಗುಳ್ಳ ಬಿ. ಪುಟ್ಟಸ್ವಾಮಯ್ಯನವರ ಕಾದಂಬರಿಮಾಲೆಯ ಕೊನೆಯ ಭಾಗ 'ಕ್ರಾಂತಿ ಕಲ್ಯಾಣ'. ಅದಕ್ಕೆ ೧೯೬೪ರ ಪ್ರಶಸ್ತಿ ಬಂದಿತು. ಮಾಸ್ತಿಯವರ 'ಸಣ್ಣ ಕತೆಗಳು' ಮಾಲೆಯ ೧೨ ಮತ್ತು ೧೩ನೆಯ ಭಾಗಗಳಿಗೆ ೧೯೬೮ರ ಪ್ರಶಸ್ತಿ ಸಂದಿತು.

ಆದ್ದರಿಂದ ಪ್ರಕಾಶಕರಲ್ಲಿ ಒಂದು ಬಿನ್ನಹ. ಶೀರ್ಷಿಕೆಯ ಪುಟದ ಹಿಂಬದಿಯಲ್ಲಿ ಪ್ರಥಮ ಮುದ್ರಣದ ವರ್ಷ, ಮರುಮುದ್ರಣವಾಗಿದ್ದರೆ ಅದರ ವಿವರ, ಲೇಖನಗಳು ಮೊದಲು ಎಲ್ಲಿ ಬಂದವೆಂಬ ಮಾಹಿತಿ ಇವುಗಳನ್ನು ತಪ್ಪದೆ ಅಚ್ಚುಮಾಡಬೇಕು. ಪೀಠಿಕೆ, ಆಶೀರ್ವಚನ, ಮುನ್ನುಡಿಗಳಿಗೆ ಹತ್ತು ಪುಟ ಮೀಸಲಿಟ್ಟು ವರ್ಷವನ್ನು ಮರೆತ ಗ್ರಂಥಗಳನ್ನು ನಾನು ಕಂಡಿದ್ದೇನೆ. ಪ್ರಶಸ್ತಿಯ ಮಾತು ಹಾಗಿರಲಿ, ಮುಂದಿನ ಸಂಶೋಧಕನಿಗೆ ಅದರಿಂದಾಗುವ ತೊಂದರೆ ಸಣ್ಣದಲ್ಲ.

ಗ್ರಂಥದ ಬಗೆ

ಎರಡನೆಯ ಪರೀಕ್ಷೆ ಗ್ರಂಥ ಯಾವ ಬಗೆಯದೆಂಬುದು. ನನ್ನ ಶಿಷ್ಯರ ಗ್ರಂಥ ಎಡವಿದ್ದು ಇಲ್ಲಿಯೇ. ಮುಖ್ಯ ಪ್ರಶಸ್ತಿಗೆ ಅರ್ಹವಲ್ಲದ ಬಗೆಗಳು ಇವು: ಅನುವಾದ ಅಥವಾ ರೂಪಾಂತರ; ಸಂಕಲನ; ಸಂಕ್ಷೇಪ; ಸಂಪಾದಿತ ಅಥವಾ ಟಿಪ್ಪಣಿಸಹಿತವಾದ ಗ್ರಂಥ; ವಿಶ್ವವಿದ್ಯಾಲಯದ ಪದವಿಗಾಗಿ ಅಥವಾ ಪರೀಕ್ಷೆಗಾಗಿ ಸಿದ್ಧಪಡಿಸಿದ ಪ್ರಬಂಧ.

ವಚನಕ್ಷೇತ್ರದಲ್ಲಿ ದುಡಿಯುವವರಿಗೆ ಈ ಪಟ್ಟಿ ಎಷ್ಟು ಹತ್ತಿರದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಪ್ರಕಟವಾಗುವ ಗ್ರಂಥಗಳಲ್ಲಿ ಸಂಪಾದಿತ ಪಾಠಗಳು, ಆಯ್ದ ವಚನಗಳ ಸಂಕಲನಗಳು, ಅರ್ಥಸಹಿತ ಆವೃತ್ತಿಗಳು, ಡಾಕ್ಟರೇಟ್ ಪ್ರಬಂಧಗಳು ಇವೇ ಬಹುಪಾಲು. ಇವೆಲ್ಲವೂ ಈ ನಿಯಮದ ಹೊರಗೇ ಉಳಿಯುತ್ತವೆ.

ಹೀಗೇಕೆಂದು ವಿಚಾರಿಸಿದರೆ ನನಗೆ ತೋರುವ ಕಾರಣ ಇದು. ಪ್ರಶಸ್ತಿಯು ಒಂದು ಗ್ರಂಥದ ಗುಣವನ್ನು ಅಳೆದು ಅದರ ಕರ್ತೃವಿಗೆ ಸಲ್ಲುವ ಗೌರವ. ಸಂಪಾದಿತ ಗ್ರಂಥದಲ್ಲಿ ಇಬ್ಬರು ಇರುತ್ತಾರೆ: ಮೂಲವನ್ನು ನುಡಿದವರು ಒಬ್ಬರು, ಅದನ್ನು ಶೋಧಿಸಿ ಕಾಣಿಸಿದವರು ಇನ್ನೊಬ್ಬರು. ಓದುಗನ ಮನಸ್ಸು ತುಂಬಿದರೆ ಅದು ವಚನದ ಶಕ್ತಿಯಿಂದಲೋ ಸಂಪಾದಕನ ಶ್ರಮದಿಂದಲೋ ಎಂದು ತೀರ್ಪುಗಾರರು ಬೇರ್ಪಡಿಸಿ ಹೇಳಲಾರರು. ಶರಣರ ನುಡಿಯ ಹಿರಿಮೆಯನ್ನು ಸಂಪಾದಕನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಸಂಪಾದಕನೂ ಅದನ್ನು ಒಪ್ಪಲಾರ. ಹಾಗೆ ನೋಡಿದರೆ ಈ ನಿಯಮದಲ್ಲಿ ಅವಮಾನವೇನೂ ಇಲ್ಲ.

ಆದರೆ ಹಳೆಯ ಗ್ರಂಥವನ್ನು ಆಧರಿಸಿದ್ದು ಎಂಬ ಮಾತ್ರಕ್ಕೆ ಯಾವ ಕೃತಿಯೂ ಅನರ್ಹವಾಗುವುದಿಲ್ಲ. 'ಶ್ರೀ ರಾಮಾಯಣ ದರ್ಶನಂ' ಕಾವ್ಯದ ಕಥೆ ವಾಲ್ಮೀಕಿಯದು, ದರ್ಶನ ಕವಿಯದು. ಡಿ.ವಿ.ಜಿ. ಅವರಿಗೆ ೧೯೬೭ರಲ್ಲಿ ಪ್ರಶಸ್ತಿ ತಂದ ಗ್ರಂಥ 'ಶ್ರೀಮದ್ಭಗವದ್ಗೀತಾ ತಾತ್ಪರ್ಯ ಅಥವಾ ಜೀವನಧರ್ಮಯೋಗ'. ಅದು ಗೀತೆಯನ್ನು ಕುರಿತದ್ದಾದರೂ ಲೇಖಕರ ಸ್ವತಂತ್ರ ಚಿಂತನೆಯೇ ಅದರ ಜೀವಾಳ. ಎ.ಆರ್. ಕೃಷ್ಣಶಾಸ್ತ್ರಿಗಳಿಗೆ ೧೯೬೧ರಲ್ಲಿ ಪ್ರಶಸ್ತಿ ಬಂದದ್ದು ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರರನ್ನು ಕುರಿತ ಗ್ರಂಥಕ್ಕೆ. ಗಿರೀಶ ಕಾರ್ನಾಡರ 'ತಲೆದಂಡ' ಕಲ್ಯಾಣದ ಘಟನೆಗಳನ್ನೇ ಆಧರಿಸಿದ ನಾಟಕ; ಅದಕ್ಕೆ ೧೯೯೪ರ ಪ್ರಶಸ್ತಿ ಸಂದಿತು. ವಸ್ತು ಎಲ್ಲಿಂದ ಬಂತೆಂಬುದು ಪ್ರಶ್ನೆಯಲ್ಲ. ಗ್ರಂಥದ ಮಾತು ಯಾರದು ಎಂಬುದೇ ಪ್ರಶ್ನೆ.

ನಮ್ಮ ಕ್ಷೇತ್ರದ ಎರಡು ನಿದರ್ಶನಗಳಿಂದ ಈ ಭೇದ ಇನ್ನೂ ತಿಳಿಯಾಗುತ್ತದೆ. ಪ್ರೊ. ಸಂ.ಶಿ. ಭೂಸನೂರಮಠರು 'ಶೂನ್ಯಸಂಪಾದನೆ'ಯನ್ನು ಸಂಪಾದಿಸಿಕೊಟ್ಟ ವಿದ್ವಾಂಸರು. ಅದೇ ಮಹಾಗ್ರಂಥವನ್ನು ಕುರಿತು ಅವರು 'ಶೂನ್ಯಸಂಪಾದನೆಯ ಪರಾಮರ್ಶೆ' ಎಂಬ ವಿಸ್ತಾರವಾದ ವಿವೇಚನೆಯನ್ನೂ ಬರೆದರು. ಅಕಾಡೆಮಿಯ ೧೯೭೨ರ ಪ್ರಶಸ್ತಿ ಸಂದುದು ಪರಾಮರ್ಶೆಗೆ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ವಚನಾಭ್ಯಾಸಿಗಳ ಮೇಜಿನ ಮೇಲೆ ಇಂದು ಆ ಸಂಪುಟಗಳಿಲ್ಲದೆ ಕೆಲಸ ಸಾಗದು. ಆದರೆ ಅವರಿಗೆ ೨೦೦೬ರಲ್ಲಿ ಪ್ರಶಸ್ತಿ ಬಂದದ್ದು ಅವರದೇ ಸಂಶೋಧನ ಲೇಖನಗಳ ಗ್ರಂಥವಾದ 'ಮಾರ್ಗ' ನಾಲ್ಕನೆಯ ಸಂಪುಟಕ್ಕೆ. ಇಬ್ಬರಲ್ಲಿಯೂ ಸಂಪಾದಕ ಮತ್ತು ಲೇಖಕ ಒಬ್ಬರೇ. ನಿಯಮವು ಸಂಪಾದಕನನ್ನು ಬದಿಗಿರಿಸಿ ಲೇಖಕನನ್ನು ಕರೆಯಿತು.

ಗ್ರಂಥಕರ್ತನ ಅರ್ಹತೆ

ಮೂರನೆಯ ಪರೀಕ್ಷೆ ಗ್ರಂಥಕರ್ತನನ್ನು ಕುರಿತದ್ದು. ಲೇಖಕನು ಭಾರತೀಯ ಪ್ರಜೆಯಾಗಿರಬೇಕು. ಹೊರದೇಶಗಳಲ್ಲಿ ನೆಲಸಿ ಅಲ್ಲಿಯ ಪೌರತ್ವ ಪಡೆದಿರುವ ಕನ್ನಡಿಗರಲ್ಲಿ ಒಳ್ಳೆಯ ಲೇಖಕರಿದ್ದಾರೆ. ಅವರು ಈ ನಿಯಮವನ್ನು ತಿಳಿದಿರಬೇಕು. ಮುಖ್ಯ ಪ್ರಶಸ್ತಿಯನ್ನು ಒಮ್ಮೆ ಪಡೆದವರು ಮತ್ತೊಮ್ಮೆ ಪಡೆಯುವಂತಿಲ್ಲ. ಅಕಾಡೆಮಿಯ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿರುವವರ ಗ್ರಂಥವನ್ನು ಪರಿಗಣಿಸುವಂತಿಲ್ಲ. ಕೊಡುವ ಕೈಯೇ ಪಡೆಯುವ ಕೈಯಾಗಬಾರದೆಂಬುದು ಇದರ ಆಶಯ.

ಲಿಂಗೈಕ್ಯರಾದವರ ಗ್ರಂಥಗಳಿಗೆ ಬಾಗಿಲು ಪೂರ್ಣವಾಗಿ ಮುಚ್ಚಿಲ್ಲ. ಆದರೆ ನಿಧನದ ಕಾಲಕ್ಕೆ ಒಂದು ಮಿತಿ ಉಂಟು. ಬಹು ಹಿಂದೆ ಗತಿಸಿದವರ ಹಸ್ತಪ್ರತಿಯನ್ನು ಈಗ ಅಚ್ಚುಮಾಡಿ ಪ್ರಶಸ್ತಿ ಬಯಸುವಂತಿಲ್ಲ. ತ.ರಾ.ಸು. ಅವರು ೧೯೮೪ರಲ್ಲಿ ನಿಧನರಾದರು. ಅವರ 'ದುರ್ಗಾಸ್ತಮಾನ'ಕ್ಕೆ ೧೯೮೫ರ ಪ್ರಶಸ್ತಿ ಬಂದಿತು. ೧೯೯೮ರಲ್ಲಿ ಅಗಲಿದ ಡಿ.ಆರ್. ನಾಗರಾಜರ 'ಸಾಹಿತ್ಯ ಕಥನ'ಕ್ಕೆ ೧೯೯೯ರಲ್ಲಿಯೂ, ಅದೇ ವರ್ಷ ಅಗಲಿದ ಶಾಂತಿನಾಥ ದೇಸಾಯಿಯವರ 'ಓಂ ಣಮೋ' ಕಾದಂಬರಿಗೆ ೨೦೦೦ದಲ್ಲಿಯೂ ಪ್ರಶಸ್ತಿ ಸಂದಿತು.

ಶಿಫಾರಸಿನ ಪ್ರಶ್ನೆ

ಇನ್ನು ಆ ಲಕೋಟೆಯ ವಿಷಯ. ಒಬ್ಬ ಲೇಖಕನ ಪರವಾಗಿ ಪ್ರಶಸ್ತಿಗಾಗಿ ಪ್ರಭಾವ ಬೀರುವ ಯತ್ನ ನಡೆದಿದೆಯೆಂದು ಅಕಾಡೆಮಿಗೆ ಮನವರಿಕೆಯಾದರೆ ಅವನ ಗ್ರಂಥವು ಅನರ್ಹವಾಗುತ್ತದೆ. ಯತ್ನ ನಡೆಸಿದವನು ಲೇಖಕನೇ ಆಗಿರಬೇಕೆಂದಿಲ್ಲ. 'ಪರವಾಗಿ' ಎಂಬ ಮಾತು ಇಲ್ಲಿ ಬಹು ಮುಖ್ಯ. ಪ್ರೀತಿಯಿಂದ ಪತ್ರ ಬರೆಯುವ ಹಿತೈಷಿಯು ತಿಳಿಯದೆ ಗ್ರಂಥದ ದಾರಿಯನ್ನೇ ಮುಚ್ಚಬಹುದು. ನಮ್ಮಲ್ಲಿ ಯಾವ ಕೆಲಸಕ್ಕೂ ಒಬ್ಬ ದೊಡ್ಡವರ ಪತ್ರ ಜೊತೆಗಿದ್ದರೆ ಒಳ್ಳೆಯದೆಂಬ ಭಾವನೆ ಬೇರೂರಿದೆ. ಇಲ್ಲಿ ಆ ಪತ್ರವೇ ದೋಷವಾಗುತ್ತದೆ.

ಆಯ್ಕೆ ನಡೆಯುವ ರೀತಿಯನ್ನು ತಿಳಿದರೆ ಪತ್ರಗಳು ಏಕೆ ಅನಾವಶ್ಯಕವೆಂಬುದೂ ತಿಳಿಯುತ್ತದೆ. ಅರ್ಹ ಅವಧಿಯ ಗ್ರಂಥಗಳ ಪಟ್ಟಿಯೊಂದನ್ನು ತಜ್ಞರು ಸಿದ್ಧಪಡಿಸುತ್ತಾರೆ. ಆಯಾ ಭಾಷೆಯ ಸಲಹಾಮಂಡಳಿಯ ಸದಸ್ಯರು ಮೊದಲಾದವರ ಅಭಿಪ್ರಾಯದಿಂದ ಆ ಪಟ್ಟಿ ಹಂತಹಂತವಾಗಿ ಕಿರಿದಾಗುತ್ತದೆ. ಕೊನೆಗೆ ಮೂವರು ತೀರ್ಪುಗಾರರ ಸಮಿತಿಯು ಒಮ್ಮತದಿಂದ ಅಥವಾ ಬಹುಮತದಿಂದ ಒಂದು ಗ್ರಂಥವನ್ನು ಸೂಚಿಸುತ್ತದೆ. ಅಕಾಡೆಮಿಯು ಗ್ರಂಥಗಳನ್ನು ಆಹ್ವಾನಿಸಿ ಪ್ರಕಟಣೆ ಹೊರಡಿಸಿದಾಗ ಪ್ರತಿಗಳನ್ನು ಕಳುಹಿಸುವುದರಲ್ಲಿ ತಪ್ಪಿಲ್ಲ. ಪ್ರತಿಯನ್ನು ಮುಂದಿಡುವುದು ಬೇರೆ. ಒತ್ತಾಯವನ್ನು ಮುಂದಿಡುವುದು ಬೇರೆ. ಗ್ರಂಥವು ವಾಚನಾಲಯಗಳಲ್ಲಿ ದೊರೆಯುವಂತೆ ಮಾಡುವುದು, ಪತ್ರಿಕೆಗಳಿಗೆ ವಿಮರ್ಶೆಗಾಗಿ ಕಳುಹಿಸುವುದು ಇವು ಪ್ರಕಾಶಕನ ಸಹಜ ಕರ್ತವ್ಯಗಳು. ಪಟ್ಟಿ ಮಾಡುವವರ ಕಣ್ಣಿಗೆ ಗ್ರಂಥ ಬೀಳುವುದು ಇಂಥ ದಾರಿಗಳಿಂದಲೇ.

ಇತರ ಪ್ರಶಸ್ತಿಗಳು

ಮುಖ್ಯ ಪ್ರಶಸ್ತಿಗೆ ಸಲ್ಲದ ಗ್ರಂಥ ಎಲ್ಲಿಯೂ ಸಲ್ಲದೆಂದು ತಿಳಿಯಬಾರದು. ಅನುವಾದಗಳಿಗಾಗಿ ಅಕಾಡೆಮಿಯು ೧೯೮೯ರಲ್ಲಿ ಪ್ರತ್ಯೇಕ ಬಹುಮಾನವನ್ನು ಸ್ಥಾಪಿಸಿತು. ವಚನಗಳನ್ನು ಅನ್ಯಭಾಷೆಗಳಿಗೆ ಒಯ್ಯುವ ವಿದ್ವಾಂಸರು ನೋಡಬೇಕಾದ ನಿಯಮಗಳು ಆ ಬಹುಮಾನದವು. ಮಕ್ಕಳ ಸಾಹಿತ್ಯಕ್ಕೆ ಬಾಲ ಸಾಹಿತ್ಯ ಪುರಸ್ಕಾರ ೨೦೧೦ರಿಂದಲೂ, ತರುಣ ಲೇಖಕರಿಗೆ ಯುವ ಪುರಸ್ಕಾರ ೨೦೧೧ರಿಂದಲೂ ನಡೆದುಬಂದಿವೆ. ಯುವ ಪುರಸ್ಕಾರಕ್ಕೆ ಪ್ರಶಸ್ತಿಯ ವರ್ಷದ ಜನವರಿ ೧ರಂದು ಲೇಖಕನ ವಯಸ್ಸು ೩೫ನ್ನು ಮೀರಿರಬಾರದು. ಇದಕ್ಕೆ ಪ್ರಕಟಣೆ ಕೊಟ್ಟು ಗ್ರಂಥಗಳನ್ನು ಆಹ್ವಾನಿಸುವ ರೂಢಿಯಿದೆ. ವಯಸ್ಸಿನ ದಾಖಲೆಯನ್ನೂ ಒದಗಿಸಬೇಕಾಗುತ್ತದೆ.

ಪ್ರಾಚೀನ ಮತ್ತು ಮಧ್ಯಕಾಲೀನ ಸಾಹಿತ್ಯಕ್ಕಾಗಿ ದುಡಿದ ವಿದ್ವಾಂಸರನ್ನು, ಅಕಾಡೆಮಿಯ ಮನ್ನಣೆ ಪಡೆಯದ ಭಾಷೆಗಳ ಸೇವಕರನ್ನು ಗೌರವಿಸಲು ೧೯೯೬ರಲ್ಲಿ 'ಭಾಷಾ ಸಮ್ಮಾನ್' ಸ್ಥಾಪಿತವಾಯಿತು. ಲೇಖಕರೊಡನೆ ಸಂಪಾದಕರು, ಸಂಗ್ರಾಹಕರು, ಅನುವಾದಕರು ಕೂಡ ಇದರ ವ್ಯಾಪ್ತಿಗೆ ಬರುತ್ತಾರೆ. ಇದು ಒಂದು ಗ್ರಂಥಕ್ಕಲ್ಲ, ಒಟ್ಟು ದುಡಿಮೆಗೆ ಸಲ್ಲುವ ಗೌರವ. ಮುಖ್ಯ ಪ್ರಶಸ್ತಿಯ ನಿಯಮ ಬದಿಗಿಟ್ಟ ಶ್ರಮಕ್ಕೆ ಇಲ್ಲೊಂದು ಮಣೆ ಉಂಟೆಂಬುದು ಸಮಾಧಾನದ ಸಂಗತಿ.

ಅಕಾಡೆಮಿಯ ಹೊರಗಿನ ರಾಷ್ಟ್ರೀಯ ಪ್ರಶಸ್ತಿಗಳ ನಿಯಮಗಳು ಬೇರೆಯೇ ಇವೆ. ಜ್ಞಾನಪೀಠ ಪ್ರಶಸ್ತಿಯನ್ನು ೧೯೬೫ರಿಂದ ಕೊಡಲಾಗುತ್ತಿದೆ. ಆರಂಭದಲ್ಲಿ ಅದೂ ಒಂದು ಗ್ರಂಥವನ್ನು ಹೆಸರಿಸಿಯೇ ಸಲ್ಲುತ್ತಿತ್ತು. ಕುವೆಂಪು ಅವರಿಗೆ ೧೯೬೭ರಲ್ಲಿ 'ಶ್ರೀ ರಾಮಾಯಣ ದರ್ಶನಂ'ಗಾಗಿ, ಬೇಂದ್ರೆಯವರಿಗೆ ೧೯೭೩ರಲ್ಲಿ 'ನಾಕು ತಂತಿ'ಗಾಗಿ, ಕಾರಂತರಿಗೆ ೧೯೭೭ರಲ್ಲಿ 'ಮೂಕಜ್ಜಿಯ ಕನಸುಗಳು' ಕಾದಂಬರಿಗಾಗಿ ಅದು ಸಂದಿತು. ೧೯೮೨ರ ಬಳಿಕ ಲೇಖಕರ ಸಮಗ್ರ ಸಾಹಿತ್ಯಸೇವೆಯನ್ನು ಗಮನಿಸಲಾಗುತ್ತಿದೆ. ಒಂದು ಭಾಷೆಗೆ ಪ್ರಶಸ್ತಿ ಬಂದರೆ ಮುಂದಿನ ಎರಡು ವರ್ಷ ಆ ಭಾಷೆಯನ್ನು ಪರಿಗಣಿಸುವುದಿಲ್ಲ. ಕೆ.ಕೆ. ಬಿರ್ಲಾ ಪ್ರತಿಷ್ಠಾನವು ೧೯೯೧ರಲ್ಲಿ ಸ್ಥಾಪಿಸಿದ ಸರಸ್ವತಿ ಸಮ್ಮಾನವು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಹಿಂದಿನ ಹತ್ತು ವರ್ಷಗಳಲ್ಲಿ ಬಂದ ಗ್ರಂಥಕ್ಕೆ ಮೀಸಲು. ಕನ್ನಡದಲ್ಲಿ ಎಸ್.ಎಲ್. ಭೈರಪ್ಪನವರ 'ಮಂದ್ರ'ಕ್ಕೆ ೨೦೧೦ರಲ್ಲಿ ಅದು ದೊರೆಯಿತು. ಐದು ವರ್ಷದ ಅವಧಿ ಒಂದಕ್ಕೆ, ಹತ್ತು ವರ್ಷದ್ದು ಇನ್ನೊಂದಕ್ಕೆ, ಅವಧಿಯೇ ಇಲ್ಲದ್ದು ಮತ್ತೊಂದಕ್ಕೆ. ಒಂದರ ನಿಯಮ ಓದಿ ಇನ್ನೊಂದಕ್ಕೆ ಸಿದ್ಧರಾಗಬಾರದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು.

ಶಿಷ್ಯರ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರ್ಹವಲ್ಲದ್ದು ಸಾಹಿತ್ಯವಲ್ಲವೇ?

೧೯೬೪ನೆಯ ವರ್ಷವನ್ನು ನೆನೆಯೋಣ. ಕಲ್ಯಾಣದ ಕಥೆಯನ್ನು ಹೇಳುವ 'ಕ್ರಾಂತಿ ಕಲ್ಯಾಣ'ಕ್ಕೆ ಅಕಾಡೆಮಿಯ ಪ್ರಶಸ್ತಿ ಆ ವರ್ಷದ್ದು. ಅದೇ ೧೯೬೪ರಲ್ಲಿ ವಚನಪಿತಾಮಹ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿ, ಮುಂದೆ 'ಶಿವ����ುಭವ' ಪತ್ರಿಕೆಯನ್ನು ನಡೆಸಿ, ಮನೆಮನೆ ಅಲೆದು ಓಲೆಗರಿಗಳನ್ನು ಕೂಡಿಸಿ, ಇದ್ದ ಆಸ್ತಿಯನ್ನು ಅಚ್ಚಿಗೆ ಸುರಿದ ಆ ಮಹನೀಯರ ಜೀವನದ ಮುಖ್ಯ ಕಾರ್ಯ ಸಂಪಾದನೆಯೇ. ಈ ನಿಯಮಗಳ ಅಳತೆಯಲ್ಲಿ ಆ ಕಾರ್ಯ ಅರ್ಹವಾಗುವುದಿಲ್ಲ. ಆದರೆ ಅದು ನಡೆಯದಿದ್ದರೆ ವಚನಗಳನ್ನು ಕುರಿತು ಇಂದು ನಾವು ಬರೆಯುವುದಕ್ಕೆ, ಓದುವುದಕ್ಕೆ ಎಷ್ಟು ಉಳಿದಿರುತ್ತಿತ್ತು?

ಇನ್ನೂ ಹಿಂದಕ್ಕೆ ಹೋಗೋಣ. 'ಶೂನ್ಯಸಂಪಾದನೆ' ಎಂಬ ಗ್ರಂಥವೇ ಏನು? ಅಲ್ಲಮಪ್ರಭು, ಬಸವಣ್ಣ, ಚನ್ನಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ಆಯ್ದು, ಸಂವಾದದ ರೂಪದಲ್ಲಿ ಜೋಡಿಸಿ, ನಡುನಡುವೆ ಗದ್ಯದಿಂದ ಬೆಸೆದು ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರು ಒಬ್ಬರಾದ ಮೇಲೊಬ್ಬರು ರೂಪಿಸಿದ ಗ್ರಂಥವದು. ಅದರೊಳಗಿನ ವಚನಗಳು ಅವರವಲ್ಲ, ಜೋಡಣೆ ಅವರದು. ಇಂದಿನ ನಿಯಮದ ಭಾಷೆಯಲ್ಲಿ ಹೇಳುವುದಾದರೆ ಅದು ಸಂಕಲನ, ಸಂಪಾದಿತ ಕೃತಿ, ಆದ್ದರಿಂದ ಅನರ್ಹ. ಅದನ್ನು ಕುರಿತು ಬರೆದ ಪರಾಮರ್ಶೆಗೆ ಪ್ರಶಸ್ತಿ ಬಂದಿದೆ. ಮೂಲವು ಇಂದು ಬಂದಿದ್ದರೆ ಪಟ್ಟಿಯಲ್ಲಿಯೇ ಸೇರುತ್ತಿರಲಿಲ್ಲ. ಹಾಗೆಂದು 'ಶೂನ್ಯಸಂಪಾದನೆ' ಸಾಹಿತ್ಯವಲ್ಲವೆಂದು ಕನ್ನಡ ಬಲ್ಲವರು ಯಾರಾದರೂ ಹೇಳಿಯಾರೇ? ಅಂದು 'ಸಂಪಾದನೆ' ಎಂದರೆ ಸಾಧಿಸಿ ಪಡೆಯುವುದೆಂದು ಅರ್ಥವಿತ್ತು; ಇಂದು ಗ್ರಂಥವನ್ನು ಶುದ್ಧಗೊಳಿಸಿ ಹೊರತರುವುದೆಂಬ ಅರ್ಥವೇ ಮುಂದಾಗಿದೆ. ವಚನಗಳ ಮಟ್ಟಿಗೆ ಈ ಎರಡು ಅರ್ಥಗಳೂ ಒಂದೇ ಶ್ರಮದ ಎರಡು ಮುಖಗಳೆಂದು ನನ್ನ ನಂಬಿಕೆ.

ಅರ್ಹತಾನಿಯಮವು ಗ್ರಂಥದ ಬಗೆಯನ್ನು ಹೇಳುತ್ತದೆ, ಬೆಲೆಯನ್ನು ಹೇಳುವುದಿಲ್ಲ. ಇದನ್ನು ಮನಗಂಡರೆ ನಿರಾಶೆಗೂ ಕಾರಣವಿಲ್ಲ, ನಿಯಮವನ್ನು ಹಳಿಯುವುದಕ್ಕೂ ಕಾರಣವಿಲ್ಲ. ಸಂಪಾದಕನಾದವನು ತನ್ನ ಗ್ರಂಥವನ್ನು ನಿಯಮಕ್ಕೆ ಹೊಂದಿಸಲು ಹೋಗಬಾರದು. ಪ್ರಶಸ್ತಿಯ ಆಸೆಯಿಂದ ಮೂಲಪಾಠವನ್ನು ಮೊಟಕುಗೊಳಿಸಿ ತನ್ನ ವ್ಯಾಖ್ಯಾನವನ್ನು ಹಿಗ್ಗಿಸಿದರೆ ಶರಣರಿಗೂ ಅನ್ಯಾಯ, ಓದುಗರಿಗೂ ಅನ್ಯಾಯ. ತನಗೆ ಹೇಳುವುದು ಉಂಟಾದರೆ ಭೂಸನೂರಮಠರಂತೆ ಅದನ್ನು ಬೇರೆ ಗ್ರಂಥವಾಗಿ ಬರೆಯಬೇಕು. ಪಾಠ ಪಾಠವಾಗಿರಲಿ, ಪರಾಮರ್ಶೆ ಪರಾಮರ್ಶೆಯಾಗಿರಲಿ.

ಅಂದು ಶಿಷ್ಯರು ಹೊರಡುವಾಗ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡರು. ಪತ್ರಗಳನ್ನು ಕಳುಹಿಸಲಿಲ್ಲವೆಂದು ಆಮೇಲೆ ತಿಳಿಸಿದರು. ಕಳೆದ ತಿಂಗಳು ಮತ್ತೆ ಬಂದಾಗ ಅವರ ಕೈಯಲ್ಲಿ ಎರಡು ನೋಟುಪುಸ್ತಕಗಳಿದ್ದವು. ಒಂದರಲ್ಲಿ, ನಾಲ್ಕನೆಯ ಓಲೆಯ ಕಟ್ಟೊಂದು ದೊರೆತದ್ದರಿಂದ ತಿದ್ದಬೇಕಾಗಿ ಬಂದ ಏಳು ಪಾಠಗಳ ಪಟ್ಟಿ. ಇನ್ನೊಂದರಲ್ಲಿ, ಆ ಶರಣರ ವಿಚಾರವನ್ನು ಕುರಿತು ಅವರು ಸ್ವತಃ ಬರೆಯಲು ತೊಡಗಿದ ವಿವೇಚನೆಯ ಮೊದಲ ಅಧ್ಯಾಯ. ಯಾವುದನ್ನು ಮೊದಲು ಓದಲೆಂದು ಕೇಳಿದೆ. ಪಾಠಗಳ ಪಟ್ಟಿಯನ್ನೇ ಮುಂದಿಟ್ಟರು.